ರೀಪರ್ ಜೊತೆಗೇ ಬರುವ ಎಫೆಕ್ಟುಗಳಿಂದ ಹೊಸ ಸದ್ದು ಕಟ್ಟುವುದು: ದೀರ್ಘ ಬಳಕೆಯ ನಂತರದ ವಿಮರ್ಶೆ

ಕಂಪ್ಯೂಟರಿನಲ್ಲಿ ಸದ್ದು ರೆಕಾರ್ಡ್ ಮಾಡಿ ತಿದ್ದುವ ಸಾಫ್ಟ್‌ವೇರ್ ರೀಪರ್ ಹಾಕಿಕೊಂಡ ಬಹಳಷ್ಟು ಮಂದಿ ಮೊದಲ ವಾರದಲ್ಲೇ ಹೊರಗಿನ ಪ್ಲಗಿನ್ (ಸದ್ದು ಬದಲಿಸುವ ಜೋಡಣೆ) ಹುಡುಕಲು ಹೊರಡುತ್ತಾರೆ. ತಪ್ಪು ಅವರದಲ್ಲ. ಎಕೋ ಕೊಡುವ ರಿಯಾಡಿಲೇ, ಜಾಗದ ಗುಂಗು ಕೊಡುವ ರಿಯಾವರ್ಬ್, ಕಂಪನ ಸೋಸುವ ರಿಯಾಫರ್ ಎಲ್ಲವೂ ನೋಡಲು ಬ್ಯಾಂಕಿನ ಚಲನ್ ಹಾಗೆ ಬೂದು ಬಣ್ಣದ್ದು, ಸಾಲು ಸಾಲು ಸ್ಲೈಡರು. ಆದರೆ ಧಾರವಾಡದಲ್ಲಿ ನಾಟಕಕ್ಕೋ ಕಿರುಚಿತ್ರಕ್ಕೋ ಯಾರೂ ಕೇಳದ ಸದ್ದೊಂದು ಬೇಕು ಎನ್ನುವವರಿಗೆ ಇವು ಧಾರಾಳ ಸಾಕು. ಯಾವ ಸದ್ದನ್ನು ಯಾವ ಎಫೆಕ್ಟಿಗೆ, ಯಾವ ಕ್ರಮದಲ್ಲಿ ಬೇಕಾದರೂ ಹಾಯಿಸಲು ಈ ಸಾಫ್ಟ್‌ವೇರ್ ಬಿಡುತ್ತದೆ. ಕೊಟ್ಟ ದುಡ್ಡು ಮುಟ್ಟುವುದು ಅಲ್ಲೇ.

ಹೆಚ್ಚು ಕೆಲಸಕ್ಕೆ ಬಂದದ್ದು ರಿಯಾಡಿಲೇ. ಅದನ್ನು ಎಕೋಗೆ ಬಳಸುವುದು ಬಿಡಿ, ತಂತಿವಾದ್ಯ ಎಂದುಕೊಂಡು ಬಳಸಿ. ಡಿಲೇ ಅವಧಿ ತೀರಾ ಚಿಕ್ಕದಾಗಿ, ಫೀಡ್‌ಬ್ಯಾಕ್ (ಹೊರಬಂದ ಸದ್ದು ಮತ್ತೆ ಒಳಗೆ ಹೋಗುವ ಪ್ರಮಾಣ) ಹೆಚ್ಚಾದರೆ ಪ್ರತಿಧ್ವನಿಗಳು ಒಂದಕ್ಕೊಂದು ಅಂಟಿ ಸ್ವರವಾಗುತ್ತವೆ. ಲೆಕ್ಕ ಸುಲಭ: 1000ವನ್ನು ಸ್ವರದ ಹರ್ಟ್ಸ್‌ನಿಂದ ಭಾಗಿಸಿದರೆ ಮಿಲಿಸೆಕೆಂಡ್ ಸಿಗುತ್ತದೆ. ಕಾಳಿ ಒಂದು ಶ್ರುತಿಯ (ಸಿ ಶಾರ್ಪ್) ಮಧ್ಯ ಷಡ್ಜ, ಗಂಡುದನಿಯದು, 138.6 ಹರ್ಟ್ಸ್; ಅಂದರೆ 7.215 ಮಿಲಿಸೆಕೆಂಡ್. ಪಂಚಮಕ್ಕೆ 4.81, ತಾರ ಷಡ್ಜಕ್ಕೆ 3.608. ಮೂರು ಟ್ಯಾಪ್, ಅಂದರೆ ಮೂರು ಪ್ರತ್ಯೇಕ ಡಿಲೇ ಸಾಲು, ಸೇರಿಸಿ ಈ ಮೂರು ಸಂಖ್ಯೆ ಟೈಪ್ ಮಾಡಿ. ಪ್ರತಿ ಟ್ಯಾಪ್‌ನಲ್ಲೂ ಮ್ಯೂಸಿಕಲ್ ಲೆಂಗ್ತ್ ಸೊನ್ನೆಗೆ ತನ್ನಿ. ತಾರದಿದ್ದರೆ ಟೆಂಪೋದ ಅವಧಿಯೂ ಕೂಡಿಕೊಂಡು ಸ್ವರದ ಬದಲು ಸಾದಾ ಎಕೋ ಬರುತ್ತದೆ. ಹೊಸಬರು "ಇದು ಕೆಲಸ ಮಾಡುವುದಿಲ್ಲ" ಎಂದು ಕೈಬಿಡುವುದು ಇಲ್ಲೇ.

ಫೀಡ್‌ಬ್ಯಾಕ್ ಮೂರಕ್ಕೂ ಒಂದೇ ಇಡಬಾರದು. ಮೈನಸ್ 0.3 ಡಿಬಿ (ಡೆಸಿಬೆಲ್) ಇಟ್ಟರೆ ಸದ್ದು 60 ಡಿಬಿ ಇಳಿಯಲು 200 ಸುತ್ತು ಬೇಕು. ಷಡ್ಜದ ಟ್ಯಾಪ್‌ನಲ್ಲಿ ಅದು ಸುಮಾರು 1.4 ಸೆಕೆಂಡ್, ತಾರ ಷಡ್ಜದಲ್ಲಿ ಅದರ ಅರ್ಧ. ಮೂರೂ ಒಟ್ಟಿಗೆ ಆರಬೇಕೆಂದರೆ ಪಂಚಮಕ್ಕೆ ಮೈನಸ್ 0.2, ತಾರ ಷಡ್ಜಕ್ಕೆ ಮೈನಸ್ 0.15. ಸೊನ್ನೆ ದಾಟಿತೋ, ಸದ್ದು ಏರುತ್ತಲೇ ಹೋಗಿ ಸ್ಪೀಕರಿಗೆ ಕುತ್ತು. ಪ್ರಿಫರೆನ್ಸಸ್‌ನಲ್ಲಿ ಮಾಸ್ಟರ್ (ಎಲ್ಲ ಟ್ರ್ಯಾಕ್ ಸೇರಿ ಹೊರಡುವ ಸದ್ದು) ಮಿತಿ ಮೀರಿದರೆ ತಾನೇ ಮ್ಯೂಟ್ ಆಗುವ ಆಯ್ಕೆ ಇದೆ. ಈ ಆಟಕ್ಕೆ ಕೂರುವ ಮುಂಚೆ ಅದನ್ನು ಆನ್ ಮಾಡಿ.

ಇದಕ್ಕೆ ಉಣಿಸಬೇಕಾದದ್ದು ಚಿಕ್ಕ, ಗಟ್ಟಿ ಪೆಟ್ಟು. ಬೆಟಗೇರಿಯ ಕೈಮಗ್ಗದ ಲಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಕಟಕ್ ಎನ್ನುವ ಆ ಪೆಟ್ಟಿನಲ್ಲಿ ಎಲ್ಲ ಕಂಪನಗಳೂ ಇರುತ್ತವೆ; ಡಿಲೇ ತನಗೆ ಒಪ್ಪುವವನ್ನಷ್ಟೇ ಉಳಿಸಿಕೊಳ್ಳುತ್ತದೆ, ಮಗ್ಗ ಷಡ್ಜದಲ್ಲಿ ಮೊಳಗುತ್ತದೆ. ಮೈಕ್ ಒಂದು ಮೀಟರ್ ದೂರ ಇರಲಿ. ಡಿಲೇಗೆ ಮುಂಚೆ ಸಣ್ಣ ಸದ್ದನ್ನು ತಡೆಯುವ ರಿಯಾಗೇಟ್ ಹಾಕಿ, ಹೋಲ್ಡ್ 5, ರಿಲೀಸ್ 30 ಮಿಲಿಸೆಕೆಂಡ್, ಪೆಟ್ಟುಗಳ ನಡುವಿನ ಮಾತುಕತೆ ಕತ್ತರಿಸಿ. ಗೇಟ್ ಡಿಲೇ ನಂತರ ಬಂದರೆ ಸ್ವರದ ಬಾಲವೇ ಹೋಗುತ್ತದೆ. ಪವರ್‌ಲೂಮ್ ರೆಕಾರ್ಡಿಂಗ್ ಇದಕ್ಕೆ ಆಗದು. ಪೆಟ್ಟಿಗೂ ಪೆಟ್ಟಿಗೂ ಬಿಡುವೇ ಇಲ್ಲ, ಬರೀ ಗುಂಯ್. ಡ್ರೈ (ಎಫೆಕ್ಟ್ ತಾಗದ ಮೂಲ ಸದ್ದು) ಪೂರ್ತಿ ಇಳಿಸಿ ಸ್ವರ ಸರಿಮಾಡಿಕೊಂಡು, ಆಮೇಲೆ ಮೈನಸ್ 12ರ ಸುತ್ತ ಏರಿಸಿದರೆ ಕಟ್ಟಿಗೆಯ ಗುಣ ಮರಳುತ್ತದೆ.

ಮಾಮೂಲಿ ಡಿಲೇಯಾಗಿಯೂ ಒಂದು ಉಪಾಯ. ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮ್ ಘೋಷಣೆಯ ದೃಶ್ಯ ಬೇಕೆನ್ನಿ. ಸ್ಪೀಕರುಗಳ ನಡುವೆ 30 ಮೀಟರ್ ಎಂದುಕೊಂಡರೆ ಟ್ಯಾಪ್‌ಗಳು 87, 175, 262 ಮಿಲಿಸೆಕೆಂಡ್. ಒಂದೊಂದಕ್ಕೂ 3 ಡಿಬಿ ಇಳಿಸುತ್ತ, ಮೇಲಿನ ಕಂಪನ ಕತ್ತರಿಸುವ ಲೋಪಾಸ್ ತಗ್ಗಿಸುತ್ತ ಹೋಗಿ. ರಿವರ್ಬ್ ಬೇಕೇ ಆಗುವುದಿಲ್ಲ.

ರಿಯಾವರ್ಬ್‌ನ ಸ್ವಂತ ರಿವರ್ಬ್ ಜನರೇಟರ್ ಸಪ್ಪೆ. ಅದರ ಬೆಲೆ ಇರುವುದು ಫೈಲ್ ಹಾಕುವ ಸೌಲಭ್ಯದಲ್ಲಿ. ದೇವಸ್ಥಾನದ್ದೋ ಹಾಲ್‌ನದೋ ಇಂಪಲ್ಸ್ ಫೈಲೇ (ಜಾಗದ ಗುಂಗಿನ ರೆಕಾರ್ಡಿಂಗ್) ಆಗಬೇಕೆಂಬ ಕಟ್ಟುಪಾಡಿಲ್ಲ, ಯಾವ ಆಡಿಯೋ ಆದರೂ ಸರಿ. ತಂಬೂರಿಯ ಒಂದು ಮೀಟು ಫೈಲ್ ಆಗಿ ಹಾಕಿ ಜಗ್ಗಲಿಗೆ ಎಂಬ ದೊಡ್ಡ ಚರ್ಮವಾದ್ಯದ ಪೆಟ್ಟು ಅದರೊಳಗೆ ಹಾಯಿಸಿದರೆ ಚರ್ಮದ ಏಟಿಗೆ ಜವಾರಿಯ (ತಂತಿಯ ಝೇಂಕಾರದ) ಬಾಲ ಬೆಳೆಯುತ್ತದೆ. ಎರಡರಲ್ಲೂ ಇರುವ ಕಂಪನ ಮಾತ್ರ ಉಳಿಯುತ್ತದೆ ಎಂಬುದು ನೆನಪಿರಲಿ. ಜಗ್ಗಲಿಗೆಯಲ್ಲಿ ಎಲ್ಲವೂ ಅಷ್ಟಿಷ್ಟು ಇರುವುದರಿಂದ ನಡೆಯುತ್ತದೆ. ಕಾಳಿ ಒಂದರ ತಂಬೂರಿಗೆ ಬಿಳಿ ಎರಡರ ಹಾರ್ಮೋನಿಯಂ ಕೊಟ್ಟು ನೋಡಿ, ತೆಳ್ಳಗೆ ಪೇಲವವಾಗುತ್ತದೆ. ಒಂದೇ ಶ್ರುತಿಯಾದರೆ ಉಲ್ಟಾ, ಮಟ್ಟ ಹಠಾತ್ತನೆ ಏರುತ್ತದೆ. ಹಾಗಾಗಿ ವೆಟ್ (ಎಫೆಕ್ಟಿನ ಸದ್ದು) ಮೈನಸ್ 24ರಿಂದ ಶುರು ಮಾಡಿ. ಫೈಲಿನ ಕೆಳಗೆ ರಿವರ್ಸ್ ಸೇರಿಸಿದರೆ ಮೀಟು ಹಿಂದುಮುಂದಾಗಿ ಪೆಟ್ಟಿನಿಂದ ಉಬ್ಬಿ ಬರುತ್ತದೆ, ಪ್ರೇತದ ಪ್ರವೇಶಕ್ಕೆ ಚೆನ್ನ.

ಸ್ವಂತ ಇಂಪಲ್ಸ್ ಬೇಕೆಂದರೆ ಹಳ್ಳಿಮನೆಯ ಖಾಲಿ ಹಗೇವು (ನೆಲದಡಿ ಕಾಳು ತುಂಬಿಡುವ ಗುಂಡಿ) ಒಳ್ಳೆಯ ಜಾಗ. ಆದರೆ ಒಳಗೆ ಇಳಿಯಲೇಬೇಡಿ. ಹಗೇವಿನಲ್ಲಿ ಕೆಟ್ಟ ಗಾಳಿ ನಿಂತು ಉಸಿರುಗಟ್ಟಿ ಸತ್ತವರಿದ್ದಾರೆ. ರೆಕಾರ್ಡರ್ ಹಗ್ಗಕ್ಕೆ ಕಟ್ಟಿ ಇಳಿಬಿಡಿ, ಹಗೇವಿನ ಬಾಯಿಯ ಬಳಿ ಬಲೂನು ಒಡೆಯಿರಿ, ಗರಿಷ್ಠ ಮಟ್ಟ ಮೈನಸ್ 6 ದಾಟದಿರಲಿ. ಫೈಲಿನ ತಲೆಯನ್ನು ಪೆಟ್ಟಿನ ಹತ್ತಿರಕ್ಕೇ ಕತ್ತರಿಸಿ, ಬಾಲಕ್ಕೆ ಫೇಡ್ ಹಾಕಿ. ಫೇಡ್ ಬಿಟ್ಟರೆ ಕೊನೆಯ ಸುಂಯ್ ಸದ್ದು ಪ್ರತಿ ಸ್ವರಕ್ಕೂ ಅಂಟಿಕೊಳ್ಳುತ್ತದೆ.

ಪ್ಯಾರಾಮೀಟರ್ ಮಾಡ್ಯುಲೇಶನ್ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ, ಆದರೆ ರೀಪರ್ ಬಿಟ್ಟು ಹೋಗಲು ಮನಸ್ಸಾಗದಿರುವುದು ಇದಕ್ಕೇ. ಯಾವ ಎಫೆಕ್ಟಿನ ಯಾವ ನಾಬ್ ಅನ್ನಾದರೂ ಇನ್ನೊಂದು ಸದ್ದಿನ ಏರಿಳಿತ ತಿರುಗಿಸುವಂತೆ ಮಾಡಬಹುದು. ಹಾಡಿನ ಟ್ರ್ಯಾಕಿಗೆ 4 ಚಾನಲ್ ಕೊಡಿ, ಜಗ್ಗಲಿಗೆಯಿಂದ ಅದರ 3/4ನೇ ಚಾನಲ್‌ಗಳಿಗೆ ಸೆಂಡ್ (ಸದ್ದಿನ ಕವಲು) ಎಳೆಯಿರಿ, ಕಂಪನಗಳ ಮಟ್ಟ ಏರಿಳಿಸುವ ರಿಯಾಈಕ್ಯೂನ ಒಂದು ಬ್ಯಾಂಡ್‌ನ ಫ್ರೀಕ್ವೆನ್ಸಿ ಮುಟ್ಟಿ ಪ್ಯಾರಮ್ ಮೆನುವಿನಿಂದ ಮಾಡ್ಯುಲೇಶನ್ ತೆರೆದು ಆಡಿಯೋ ಕಂಟ್ರೋಲ್ ಸಿಗ್ನಲ್ ಆರಿಸಿ, ಅಲ್ಲಿ 3/4 ಕೊಡಿ. ಅಟ್ಯಾಕ್ 5, ರಿಲೀಸ್ 250 ಮಿಲಿಸೆಕೆಂಡ್ ಇದ್ದರೆ ಪ್ರತಿ ಪೆಟ್ಟಿಗೂ ದನಿಯ ಬಾಯಿ ತೆರೆದು ಮುಚ್ಚುತ್ತದೆ. ಏನೂ ಆಗದಿದ್ದರೆ ಸೆಂಡ್ 1/2ಕ್ಕೇ ಹೋಗಿರುತ್ತದೆ; ಹಾಡಿನ ಟ್ರ್ಯಾಕ್‌ನಲ್ಲಿ ಜಗ್ಗಲಿಗೆಯೂ ಕೇಳಿಸುತ್ತಿದ್ದರೆ ಅದೇ ಸುಳಿವು.

ಕೊರತೆಗಳೂ ಇವೆ. ರಿಯಾಫರ್‌ನಲ್ಲಿ 4096ರ ಎಫ್‌ಎಫ್‌ಟಿ (ಒಮ್ಮೆಗೆ ಲೆಕ್ಕ ಹಾಕುವ ಸ್ಯಾಂಪಲ್‌ಗಳ ಸಂಖ್ಯೆ) ಎಂದರೆ 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 85 ಮಿಲಿಸೆಕೆಂಡ್ ತಡ. ಪ್ಲೇಬ್ಯಾಕ್‌ನಲ್ಲಿ ಸಾಫ್ಟ್‌ವೇರ್ ಸರಿದೂಗಿಸುತ್ತದೆ, ಹೆಡ್‌ಫೋನ್ ಹಾಕಿ ನೇರ ಹಾಡುವವರಿಗೆ ತಾಳ ತಪ್ಪುತ್ತದೆ. ಶ್ರುತಿ ಬದಲಿಸುವ ರಿಯಾಪಿಚ್ ದನಿಯನ್ನು ಸಹಜವಾಗಿ ಏರಿಸುತ್ತದೆಂಬ ಆಸೆ ಬೇಡ, ಕೆಡಿಸಲು ಮಾತ್ರ ಬಳಸಿ. ಒಂದು ಟ್ರ್ಯಾಕಿನ ಸದ್ದು ಸುತ್ತಿ ಅದಕ್ಕೇ ಮರಳುವ ಫೀಡ್‌ಬ್ಯಾಕ್ ರೌಟಿಂಗ್ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಮೊದಲಿಗೆ ಆಫ್ ಇರುತ್ತದೆ; ಆನ್ ಮಾಡಿದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಸದ್ದು ಒಪ್ಪಿಗೆಯಾದ ಕೂಡಲೇ ಆ ಟ್ರ್ಯಾಕನ್ನು ಸ್ಟೆಮ್ ಆಗಿ (ಎಫೆಕ್ಟ್ ಸೇರಿದ ಆಡಿಯೋ) ರೆಂಡರ್ ಮಾಡಿ ಎಫೆಕ್ಟ್ ಆಫ್ ಮಾಡುವುದು ವಾಸಿ. ಐಟಮ್ (ಟ್ರ್ಯಾಕಿನಲ್ಲಿರುವ ಸದ್ದಿನ ತುಣುಕು) ಮೇಲೇ ಎಫೆಕ್ಟ್ ಅಚ್ಚೊತ್ತುವಾಗ ಬಾಲ ತುಂಡಾದರೆ ಪ್ರಿಫರೆನ್ಸಸ್‌ನಲ್ಲಿ ಟೇಲ್ ಲೆಂಗ್ತ್ ಹೆಚ್ಚಿಸಿ.

60 ದಿನ ಯಾವ ಕಡಿತವೂ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ಸ್ವಂತ ಬಳಕೆಗೆ, ಸಣ್ಣ ಆದಾಯದವರಿಗೆ 60 ಡಾಲರ್, ದೊಡ್ಡ ವ್ಯವಹಾರಕ್ಕೆ 225. ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ರಿಯಾಡಿಲೇ, ರಿಯಾಗೇಟ್, ರಿಯಾಫರ್ ಎಲ್ಲ ರಿಯಾಪ್ಲಗ್ಸ್ ಹೆಸರಲ್ಲಿ ಪುಕ್ಕಟೆ ಸಿಗುತ್ತವೆ, ರಿಯಾವರ್ಬ್ ಅದರಲ್ಲಿಲ್ಲ. ಲಾಳಿಯಿಂದ ಷಡ್ಜ ಹೊರಡಿಸುವ ಕೆಲಸವಷ್ಟೇ ಬೇಕಿದ್ದರೆ ಅಲ್ಲಿಂದಲೇ ಶುರು ಮಾಡಬಹುದು.