ಬೇಸ್ ಗಿಟಾರ್‌ಗೆ 40, 100, 500 ವ್ಯಾಟ್: ಯಾವುದು ಎಲ್ಲಿಗೆ?

ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಅಭ್ಯಾಸ, ಗಣೇಶ ಹಬ್ಬಕ್ಕೆ ಹುಬ್ಬಳ್ಳಿಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಎಷ್ಟು ವ್ಯಾಟ್‌ನ ಆಂಪ್ಲಿಫೈಯರ್ (ಆಂಪ್) ಕೊಳ್ಳಲಿ ಎಂದು ಕೇಳಿದ್ದೀಯಲ್ಲ ತಮ್ಮಾ, ಮೊದಲು ಆ ಅಂಕಿಯ ಮೋಹ ಬಿಡು.

ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು 10 ಪಟ್ಟು ಬೇಕು. 500 ಎಂದು ಬರೆದ ಹೆಡ್‌ನ, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್‌ನ, ಹಿಂಬದಿಯನ್ನೂ ನೋಡು: ಸಾಮಾನ್ಯವಾಗಿ ಅದು 4 ಓಮ್‌ನ (ಸ್ಪೀಕರ್ ಒಡ್ಡುವ ತಡೆಯ ಅಳತೆ) ಲೆಕ್ಕ. 8 ಓಮ್‌ನ ಒಂದೇ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಜೋಡಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಕೋಣೆಗೆ 40 ಧಾರಾಳ. ಅಷ್ಟಕ್ಕೇ ಮನೆ ಮಾಲೀಕರು ಬಾಗಿಲು ಬಡಿದಾರು. ಡ್ರಮ್ಸ್ ಜೊತೆಗೆ ಅದು ಸೋಲುತ್ತದೆ, 100 ತಕ್ಕಮಟ್ಟಿಗೆ ನಿಲ್ಲುತ್ತದೆ. ಪೆಂಡಾಲಿನ ಮಿಕ್ಸರ್‌ಗೆ ಲೈನ್ ಔಟ್ (ಆಂಪ್‌ನಿಂದ ನೇರ ತಂತಿ) ಕೊಡಬಹುದಾದರೆ ಜನರಿಗೆ ಪೆಂಡಾಲಿನ ಸ್ಪೀಕರ್ ಕೇಳಿಸುತ್ತದೆ; 100 ನಿನ್ನ ಕಿವಿಗಷ್ಟೇ, ಸಾಕು. ಮಿಕ್ಸರಿನಲ್ಲಿ ಬೇಸ್‌ಗೆ ಜಾಗವೇ ಸಿಗದ ಕಡೆ 500 ಬೇಕಾಗುತ್ತದೆ.

ಹೊರುವ ವಿಷಯದಲ್ಲಿ ಈಗಿನ ಕ್ಲಾಸ್ ಡಿ ಎಂಬ ಬಗೆಯ ಹೆಡ್ ಹಗುರ, ಕೈಚೀಲಕ್ಕೇ ಹಿಡಿಯುತ್ತದೆ. ಬೆನ್ನು ಮುರಿಯುವುದು ಕ್ಯಾಬಿನೆಟ್. ಅದನ್ನು ಹಿಡಿದು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಹತ್ತುವ ಆಸೆ ಬೇಡ.

ಐದು ತಂತಿಯ ಬೇಸ್ ಪರೀಕ್ಷಿಸುವುದಾದರೆ ಮಾತು ಬೇರೆ. ನಾಲ್ಕು ತಂತಿಯ ಕೆಳ ಸ್ವರ ಸುಮಾರು 41 ಹರ್ಟ್ಸ್, ಐದನೆಯದು 31. ನಾನೊಮ್ಮೆ ಸಣ್ಣ ಕಾಂಬೋದಲ್ಲಿ (ಆಂಪ್, ಸ್ಪೀಕರ್ ಒಂದೇ ಡಬ್ಬಿ) ಅದನ್ನು ನುಡಿಸಿ, ಗಿಟಾರೇ ಮಂಕು ಎಂದು ಬಿಟ್ಟು ಬಂದಿದ್ದೆ. ಮಂಕಾಗಿದ್ದದ್ದು 8 ಇಂಚಿನ ಸ್ಪೀಕರ್. ಫ್ರೆಟ್‌ಲೆಸ್‌ಗೆ (ಕುತ್ತಿಗೆಯ ಮೇಲೆ ಸ್ವರದ ಅಡ್ಡಪಟ್ಟಿಗಳಿಲ್ಲದ ಬೇಸ್) ಮಾತ್ರ ಆ ಪುಟ್ಟ ಡಬ್ಬಿಯೇ ಒಳ್ಳೆಯ ಪರೀಕ್ಷಕ: ಮೆಲುದನಿಯಲ್ಲಿ ಬೆರಳು ಕೂದಲೆಳೆ ಸರಿದರೂ ಅಪಸ್ವರ ಸಿಕ್ಕಿಬೀಳುತ್ತದೆ.