ಬಾಡಿಗೆ ಯಂತ್ರ, ಹಳೆಯ ಯಂತ್ರ, ಪುಟ್ಟ ಯಂತ್ರ: ಶಿರಸಿಯ ಒಂದು ಕಚೇರಿಯ ಪ್ರಿಂಟರ್ ಲೆಕ್ಕ

ಪ್ರಿಂಟರ್ ಕೊಳ್ಳಲು ಹೋದವರು ನಿಮಿಷಕ್ಕೆ ಎಷ್ಟು ಪುಟ, ಟೋನರ್‌ಗೆ ಎಷ್ಟು ಖರ್ಚು, ಎರಡೂ ಬದಿ ಮುದ್ರಿಸುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಕೇಳಲಿ, ಬೇಕಾದದ್ದೇ. ನಾನು ಈಗ ಮೊದಲು ಕೇಳುವುದು ಬೇರೆ: ಈ ಯಂತ್ರ ಕೆಲಸ ಮುಗಿಸಿ ನಮ್ಮ ಕಚೇರಿಯ ಮೆಟ್ಟಿಲು ಇಳಿಯುವ ದಿನ ಅದರೊಳಗೆ ಏನೇನು ಉಳಿದಿರುತ್ತದೆ? ಬಾಡಿಗೆಯ ದೊಡ್ಡ ಯಂತ್ರ, ರಿಪೇರಿ ಮಾಡಿ ಮಾರುವ ಹಳೆಯ ಜೆರಾಕ್ಸ್ ಯಂತ್ರ, ಅಂಗಡಿಯಿಂದ ತಂದ ಪುಟ್ಟ ಕಪ್ಪು ಬಿಳುಪು ಲೇಸರ್ ಪ್ರಿಂಟರ್, ಈ ಮೂರನ್ನೂ ನಮ್ಮಲ್ಲಿ ಬಳಸಿ ನೋಡಿದ್ದಾಯಿತು. ಈ ಪ್ರಶ್ನೆಗೆ ನೆಟ್ಟಗಿನ ಉತ್ತರ ಕೊಟ್ಟದ್ದು ಮೂರನೆಯದು. ಅಗ್ಗದ್ದೂ ಅದೇ. ನನ್ನ ಒಲವು ಅದರ ಕಡೆಗೇ ಇದೆ ಎಂದು ತಿಳಿದುಕೊಂಡೇ ಮುಂದೆ ಓದಿ.

ನಮ್ಮದು ತೆರಿಗೆ, ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಕಚೇರಿ. ಬರುವವರಲ್ಲಿ ಅಡಿಕೆ ಬೆಳೆಗಾರರೇ ಹೆಚ್ಚು. ಉಳಿದವರು ಅಂಗಡಿಕಾರರು, ನಿವೃತ್ತ ಶಿಕ್ಷಕರು. ಅವರ ಕೈಚೀಲದಿಂದ ಆಧಾರ್, ಪ್ಯಾನ್, ಬ್ಯಾಂಕಿನ ಪಾಸ್‌ಬುಕ್, ಪಹಣಿ, ಅಡಿಕೆ ವಿಕ್ರಿಯ ಪಟ್ಟಿ ಒಂದೊಂದಾಗಿ ಹೊರಬರುತ್ತವೆ. ‘ಎಲ್ಲ ಇದೆ ನೋಡು ತಂಗಿ’ ಎಂದು ಮೇಜಿನ ಮೇಲೆ ಸುರಿದು ಕುಳಿತುಬಿಡುತ್ತಾರೆ. ಅವೆಲ್ಲವೂ ಯಂತ್ರದ ಗಾಜಿನ ಮೇಲೆ ಬೋರಲಾಗಿ ಮಲಗಿ ಎದ್ದೇ ಕಡತ ಸೇರಬೇಕು. ಕಂಪ್ಯೂಟರಿಗೆ ಪಾಸ್‌ವರ್ಡ್ ಇದೆ, ಕಪಾಟಿಗೆ ಬೀಗವಿದೆ. ಎಲ್ಲ ಕಾಗದವನ್ನೂ ಕಂಡಿರುವ ಪ್ರಿಂಟರಿಗೆ ಎರಡೂ ಇಲ್ಲ.

ಬಾಡಿಗೆ ಯಂತ್ರದ ಒಳ್ಳೆಯ ಗುಣಗಳನ್ನು ಮೊದಲು ಹೇಳುತ್ತೇನೆ. ಟೋನರ್ ಅವರದು, ಡ್ರಮ್ ಅವರದು, ಕೆಟ್ಟರೆ ಹುಬ್ಬಳ್ಳಿಯಿಂದ ಜನ ಬರುತ್ತಾರೆ. ಎ3 ಹಾಳೆ ಮುದ್ರಿಸುತ್ತದೆ. ಪಿನ್ ಒತ್ತಿದರೆ ಮಾತ್ರ ಕಾಗದ ಹೊರಬರುವ ವ್ಯವಸ್ಥೆಯಂತೂ ಬಹಳ ಚೆನ್ನಾಗಿತ್ತು. ಒಬ್ಬರ ಆದಾಯ ವಿವರ ಟ್ರೇಯಲ್ಲಿ ಬಿದ್ದಿದ್ದು, ಇನ್ನೊಬ್ಬರು ಅದನ್ನು ತಮ್ಮದೆಂದು ಎತ್ತಿಕೊಂಡು ಓದುವ ಪ್ರಸಂಗ ತಪ್ಪಿತು. ಯಂತ್ರದ ಸೆಟ್ಟಿಂಗು ಬದಲಿಸಲು ಬೇಕಾದ ಆಡಳಿತದ ಪಾಸ್‌ವರ್ಡ್ ಮಾತ್ರ ಬಾಡಿಗೆಯವರೇ ಇಟ್ಟದ್ದು. ‘ಇದನ್ನು ಬದಲಾಯಿಸಬೇಡಿ ಮೇಡಂ, ನಮ್ಮ ಎಲ್ಲ ಗಿರಾಕಿಗಳಿಗೂ ಇದೇ’ ಎಂದು ಸರ್ವಿಸ್ ಹುಡುಗ ನಗುತ್ತ ಹೇಳಿದ. ಅಂದೇ ಬದಲಾಯಿಸಿದೆ.

ತೊಂದರೆ ಶುರುವಾದದ್ದು ಕರಾರು ಮುಗಿದಾಗ. ಈ ಗಾತ್ರದ ಅನೇಕ ಯಂತ್ರಗಳಲ್ಲಿ ಹಾರ್ಡ್ ಡಿಸ್ಕ್ ಇರುತ್ತದೆ. ಪ್ರತಿ ತೆಗೆದದ್ದು, ಸ್ಕ್ಯಾನ್ ಮಾಡಿದ್ದು, ಕಂಪ್ಯೂಟರಿನಿಂದ ಮುದ್ರಣಕ್ಕೆ ಕಳುಹಿಸಿದ್ದು ಅದರ ಮೇಲೆ ಹಾದುಹೋಗುತ್ತದೆ. ಕೆಲಸ ಮುಗಿದ ಮೇಲೆ ಅಳಿಸಿದಂತೆ ಕಂಡರೂ, ಪುಸ್ತಕದ ಪರಿವಿಡಿಯನ್ನಷ್ಟೇ ಹರಿದು ಪುಟಗಳನ್ನು ಬಿಟ್ಟಂತೆ ಅದು. ಮೇಲೆ ಬೇರೆ ದತ್ತಾಂಶ ಬರೆಯುವವರೆಗೆ ಹಳೆಯದನ್ನು ತಕ್ಕ ತಂತ್ರಾಂಶದಿಂದ ಮೇಲೆತ್ತಬಹುದು. ಸ್ಕ್ಯಾನ್ ಮಾಡಿದ್ದನ್ನು ನೇರ ಕಂಪ್ಯೂಟರಿನ ಫೋಲ್ಡರಿಗೆ ಕಳುಹಿಸುವ ಸೌಲಭ್ಯ ಬಳಸಿದ್ದರೆ ಆ ಕಂಪ್ಯೂಟರಿನ ಬಳಕೆದಾರ ಹೆಸರು, ಪಾಸ್‌ವರ್ಡ್ ಕೂಡ ಯಂತ್ರದಲ್ಲೇ ಇರುತ್ತವೆ.

ಯಂತ್ರ ಒಯ್ಯಲು ಗಾಡಿ ಬಂದ ದಿನ ಡಿಸ್ಕ್ ಅಳಿಸಿಕೊಡಿ ಎಂದೆ. ಹುಡುಗ ಫ್ಯಾಕ್ಟರಿ ರೀಸೆಟ್ ಒತ್ತಿ, ‘ಎಲ್ಲ ಹೋಯಿತು ಮೇಡಂ’ ಎಂದ. ಹೋದದ್ದು ವಿಳಾಸ ಪಟ್ಟಿ ಮತ್ತು ಸೆಟ್ಟಿಂಗುಗಳು. ಡಿಸ್ಕಿನ ಮೇಲೆ ಹೊಸದಾಗಿ ಬರೆದು ಅಳಿಸುವ ಆಯ್ಕೆ ಮೆನುವಿನಲ್ಲಿ ಬೂದು ಬಣ್ಣದಲ್ಲಿ ಕಾಣುತ್ತಿತ್ತು, ಬೆರಳಿಟ್ಟರೆ ಸ್ಪಂದಿಸುತ್ತಿರಲಿಲ್ಲ. ಅದಕ್ಕೊಂದು ಭದ್ರತಾ ಕಿಟ್ ಬೇಕು, ಅದಕ್ಕೆ ಬೇರೆ ದುಡ್ಡು, ನಮ್ಮ ಬಾಡಿಗೆಯಲ್ಲಿ ಅದು ಸೇರಿಲ್ಲ. ಅಂದರೆ ಅಳಿಸುವ ಶಕ್ತಿ ಯಂತ್ರಕ್ಕಿದೆ, ಹಕ್ಕು ನಮಗಿಲ್ಲ.

ಅವರ ಕಚೇರಿಗೆ ಕರೆ ಮಾಡಿದೆ. ಒಬ್ಬರು ಗೋದಾಮಿನಲ್ಲಿ ಅಳಿಸುತ್ತೇವೆ ಎಂದರು. ಇನ್ನೊಬ್ಬರು ಡಿಸ್ಕ್ ಗೂಢಲಿಪಿಯಲ್ಲಿದೆ, ಯಾರೂ ಓದಲಾಗದು ಎಂದರು; ಹಾಗಿದ್ದರೆ ಅಳಿಸುವುದೇಕೆ ಎಂಬುದಕ್ಕೆ ಉತ್ತರವಿಲ್ಲ. ಮತ್ತೊಬ್ಬರು ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಇದನ್ನು ಕೇಳಿಲ್ಲ ಎಂದು ನನಗೇ ಬುದ್ಧಿ ಹೇಳಿದರು. ಅಳಿಸಿದ್ದೇವೆಂದು ಒಂದು ಪತ್ರ ಕೊಡಿ ಎಂದರೆ ಮೂವರೂ ಒಕ್ಕೊರಲಿನಿಂದ ‘ಅಂಥ ಪದ್ಧತಿ ಇಲ್ಲ’. ಕರಾರಿನಲ್ಲಿದ್ದದ್ದು ಇಷ್ಟೇ: ಯಂತ್ರ ಮತ್ತು ಅದರ ಎಲ್ಲ ಭಾಗಗಳು ಮಾಲೀಕರವು. ಭಾಗದ ಮೇಲೆ ಕೂತಿರುವ ದತ್ತಾಂಶ ಯಾರದು ಎನ್ನುವ ಮಾತೇ ಅದರಲ್ಲಿಲ್ಲ. ಕೆಳಗೆ ಗಾಡಿಯವ ಹಾರ್ನ್ ಒತ್ತುತ್ತಲೇ ಇದ್ದ. ಕೊನೆಗೆ ಹೊಸ ಡಿಸ್ಕಿನ ಬೆಲೆಯನ್ನೂ ಅದರಲ್ಲಿ ಮತ್ತೆ ತಂತ್ರಾಂಶ ಹಾಕುವ ಕೂಲಿಯನ್ನೂ ಕೊಟ್ಟು ಹಳೆಯದನ್ನು ಬಿಚ್ಚಿಸಿಕೊಂಡೆ. ಹಿಂಬದಿಯ ಲೋಹದ ಮುಚ್ಚಳ, ನಾಲ್ಕು ಸ್ಕ್ರೂ, ಒಂದು ಚಪ್ಪಟೆ ಕೇಬಲ್. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಪರಿಚಯದ ವರ್ಕ್‌ಶಾಪಿನಲ್ಲಿ ಡ್ರಿಲ್ ಹಾಕಿಸಿದೆ. ಮೇಲಿನ ಕವಚದಿಂದ ಸುರುಳಿ ಸುರುಳಿಯಾಗಿ ಅಲ್ಯೂಮಿನಿಯಂ ಎದ್ದು ಬಂತು, ಒಳಗಿನ ಹೊಳೆಯುವ ತಟ್ಟೆಯಲ್ಲಿ ತೂತು ಬಿತ್ತು.

ಇದು ಅತಿಯಾಯಿತು ಎನ್ನುವವರಿಗೆ ಒಂದು ಹಳೆಯ ಸುದ್ದಿ. ಅಮೆರಿಕದ ಸಿಬಿಎಸ್ ಸುದ್ದಿ ವಾಹಿನಿ 2010ರಲ್ಲಿ ಬಳಸಿದ ಜೆರಾಕ್ಸ್ ಯಂತ್ರಗಳನ್ನು ಕೊಂಡು ಡಿಸ್ಕುಗಳನ್ನು ತೆಗೆದು ನೋಡಿತು. ಬಫಲೋ ನಗರದ ಪೊಲೀಸ್ ದಾಖಲೆಗಳು ಒಂದರಲ್ಲಿದ್ದರೆ, ನ್ಯೂಯಾರ್ಕಿನ ಅಫಿನಿಟಿ ಎಂಬ ಆರೋಗ್ಯ ವಿಮಾ ಸಂಸ್ಥೆಯ ರೋಗಿಗಳ ವಿವರ ಇನ್ನೊಂದರಲ್ಲಿತ್ತು. ಆ ಸಂಸ್ಥೆ ಬಾಡಿಗೆ ಯಂತ್ರಗಳನ್ನು ಅಳಿಸದೆ ಹಿಂದಿರುಗಿಸಿತ್ತು. ಸುಮಾರು 3,44,579 ಜನರ ಮಾಹಿತಿ ಬಯಲಾಗಿರಬಹುದೆಂದು ಅದು ಅಂದಾಜಿಸಿತು. 2013ರಲ್ಲಿ 12,15,780 ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ರಕ್ಷಣಾ ಕ್ರಮದಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಅಷ್ಟು ದಂಡ ನನಗೆ ಬೀಳಲಾರದು. ಆದರೆ ಪಾಸ್‌ಬುಕ್ ಕೊಟ್ಟ ಹಿರಿಯರು ನಾಳೆ ಎದುರು ಬಂದು ನಿಂತರೆ ಏನು ಹೇಳುವುದು?

ಹಳೆಯ ಜೆರಾಕ್ಸ್ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 50,000 ರೂಪಾಯಿಯ ಆಸುಪಾಸು, ಹೊಸದರ ಬೆಲೆಯ ಒಂದು ಪಾಲು, ಗಟ್ಟಿಮುಟ್ಟು. ಕೂರಿಸಿ ಚಾಲೂ ಮಾಡಿದಾಗ ವಿಳಾಸ ಪಟ್ಟಿಯಲ್ಲಿ ಬೇರೆ ಯಾವುದೋ ಊರಿನ ಕಚೇರಿಯವರ ಹೆಸರುಗಳು, ಇಮೇಲ್‌ಗಳು ಸಾಲಾಗಿ ಕೂತಿದ್ದವು. ಅವರ ಯಂತ್ರ ನಮ್ಮಲ್ಲಿಗೆ ಬಂದಂತೆ ನಮ್ಮದು ಮುಂದೆ ಎಲ್ಲಿಗೋ. ತಯಾರಕರು ಆ ಮಾದರಿಗೆ ಫರ್ಮ್‌ವೇರ್, ಅಂದರೆ ಯಂತ್ರದೊಳಗಿನ ತಂತ್ರಾಂಶದ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದರು.

ಅದಕ್ಕಿಂತ ಕೆಟ್ಟದ್ದು ಸ್ಕ್ಯಾನಿಂಗ್. ಫೋಲ್ಡರಿಗೆ ಕಡತ ಕಳುಹಿಸಲು ಆ ಯಂತ್ರಕ್ಕೆ ಗೊತ್ತಿದ್ದದ್ದು ನೆಟ್‌ವರ್ಕಿನಲ್ಲಿ ಕಡತ ಹಂಚುವ ಎಸ್‌ಎಂಬಿ ಎಂಬ ವಿಧಾನದ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಎಂಬ ಕುತಂತ್ರಾಂಶ ಒಳನುಗ್ಗಿದ್ದು ವಿಂಡೋಸಿನ ಇದೇ ಹಳೆಯ ಸೌಲಭ್ಯದ ದೋಷದ ಮೂಲಕ. ಆ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಅದನ್ನು ತಾನಾಗಿ ಅಳವಡಿಸುವುದನ್ನೇ ಕೈಬಿಟ್ಟಿತು. ಮಾರಿದವನ ಕಡೆಯ ಮೆಕ್ಯಾನಿಕ್ ಮಾಡಿದ್ದೇನು? ನಮ್ಮ ಕಂಪ್ಯೂಟರಿನಲ್ಲಿ ಆ ಸೌಲಭ್ಯವನ್ನು ಹುಡುಕಿ ಮತ್ತೆ ಚಾಲೂ ಮಾಡಿ, ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಆಫ್ ಮಾಡಿ, ‘ಈಗ ಬರುತ್ತದೆ ನೋಡಿ’ ಎಂದ. ಬಂತು. ಪ್ರಿಂಟರಿನ ಹಟಕ್ಕೆ ಕಚೇರಿಯ ಬಾಗಿಲನ್ನೇ ಕಿತ್ತಿಟ್ಟಂತಾಯಿತು. ಅದೇ ಸಂಜೆ ಎರಡನ್ನೂ ಸರಿಪಡಿಸಿ, ಯಂತ್ರವನ್ನು ಬರೀ ಪ್ರತಿ ತೆಗೆಯಲು ಇಟ್ಟುಕೊಂಡೆವು. ಆಮೇಲೆ ಡಿಸ್ಕ್ ತೆಗೆದಿರಿಸಿಕೊಂಡು ಯಂತ್ರವನ್ನು ಬಂದ ಬೆಲೆಗೆ ಕೊಟ್ಟುಬಿಟ್ಟೆ.

ಈಗಿನದು ಎ4 ಗಾತ್ರದ ಲೇಸರ್ ಪ್ರಿಂಟರ್, 20,000 ರೂಪಾಯಿಯೊಳಗೆ ಬಂತು. ಪಕ್ಕದಲ್ಲಿ ಹಾಳೆ ಎಳೆದುಕೊಳ್ಳುವ ಪ್ರತ್ಯೇಕ ಸ್ಕ್ಯಾನರ್. ಅದು ಯುಎಸ್‌ಬಿ ಕೇಬಲಿನಿಂದ ಒಂದೇ ಕಂಪ್ಯೂಟರಿಗೆ ಕಟ್ಟಿಕೊಂಡಿದೆ, ನೆಟ್‌ವರ್ಕಿನ ಗೊಡವೆಯೇ ಇಲ್ಲ. ಪ್ರಿಂಟರಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಪಿನ್ ಮುದ್ರಣ ಇದರಲ್ಲೂ ಇದೆ, ಆದರೆ ಕಡತ ತಾತ್ಕಾಲಿಕ ಮೆಮೊರಿಯಲ್ಲಿ ನಿಲ್ಲುತ್ತದೆ, ಕರೆಂಟು ಹೋದರೆ ಹೋಯಿತು. ಮಳೆಗಾಲದ ಶಿರಸಿಯಲ್ಲಿ ಕರೆಂಟು ಆಗಾಗ ಹೋಗುವುದರಿಂದ ಮತ್ತೆ ಕಳುಹಿಸುವ ಕಿರಿಕಿರಿ ಉಂಟು. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಹಾಕುವಂತಿಲ್ಲ, ಕಾಗದಕ್ಕೆ ಟೋನರ್ ಪುಡಿ ಬೇಯಿಸುವ ಫ್ಯೂಸರ್ ಅಷ್ಟು ವಿದ್ಯುತ್ ಎಳೆಯುತ್ತದೆ. ಆದರೂ ಕರೆಂಟಿನೊಂದಿಗೆ ಕಡತವೂ ಅಳಿಯುತ್ತದಲ್ಲ, ನನಗೆ ಅದು ಲಾಭವೇ.

ಡಿಸ್ಕ್ ಇಲ್ಲವೆಂದ ಮಾತ್ರಕ್ಕೆ ತಂದು ಪ್ಲಗ್ ಹಾಕಿ ಮರೆತುಬಿಡುವಂತಿಲ್ಲ. ಆಡಳಿತದ ಪಾಸ್‌ವರ್ಡ್ ಬದಲಿಸುವುದು ಮೊದಲ ಕೆಲಸ. ರ‍್ಯಾಪಿಡ್7 ಎಂಬ ಭದ್ರತಾ ಸಂಸ್ಥೆ 2025ರ ಜೂನಿನಲ್ಲಿ ಬ್ರದರ್ ಕಂಪನಿಯ 689 ಮಾದರಿಗಳ ದೋಷಗಳನ್ನು ಬಹಿರಂಗಪಡಿಸಿತು. ಬೇರೆ ನಾಲ್ಕು ತಯಾರಕರ ಕೆಲವು ಮಾದರಿಗಳೂ ಪಟ್ಟಿಯಲ್ಲಿದ್ದವು. ದೋಷಗಳಲ್ಲಿ ದೊಡ್ಡದು, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಂತ್ರದ ಕ್ರಮಸಂಖ್ಯೆಯಿಂದಲೇ ಲೆಕ್ಕ ಹಾಕಿ ತೆಗೆಯಬಹುದು ಎನ್ನುವುದು. ಈಗಾಗಲೇ ತಯಾರಾದ ಯಂತ್ರಗಳಲ್ಲಿ ಇದನ್ನು ಫರ್ಮ್‌ವೇರಿನಿಂದ ಪೂರ್ತಿ ಸರಿಪಡಿಸಲಾಗದು. ಪಾಸ್‌ವರ್ಡ್ ಬದಲಿಸುವುದೊಂದೇ ದಾರಿ.

ಆಮೇಲೆ ಬೇಡದ್ದನ್ನು ಮುಚ್ಚುವುದು. ವೈಫೈ ಡೈರೆಕ್ಟ್, ಎಫ್‌ಟಿಪಿ, ಟೆಲ್ನೆಟ್, ಎಸ್‌ಎನ್‌ಎಂಪಿಯ ಹಳೆಯ ಆವೃತ್ತಿ, ಹೀಗೆ ಬೇರೆ ಯಂತ್ರಗಳು ಪ್ರಿಂಟರನ್ನು ತಲುಪುವ ಈ ದಾರಿಗಳು ನಮಗೆ ಯಾವುದೂ ಬೇಡ. ಮುದ್ರಣಕ್ಕೆ ಬಳಸುವ 9100 ಸಂಖ್ಯೆಯ ಪೋರ್ಟ್, ಅಂದರೆ ನೆಟ್‌ವರ್ಕಿನ ಕಡೆಯ ಬಾಗಿಲು, ಗುರುತು ಪರಿಚಯ ಕೇಳುವುದಿಲ್ಲ, ಯಾರು ಏನು ಕಳುಹಿಸಿದರೂ ಮುದ್ರಿಸುತ್ತದೆ. ರೂಟರ್ ಅದನ್ನು ಹೊರಗಿನ ಅಂತರ್ಜಾಲಕ್ಕೆ ತೆರೆದಿಡಬಾರದು. 2018ರ ನವೆಂಬರಿನಲ್ಲಿ ಒಬ್ಬ ಇದೇ ದಾರಿಯಿಂದ ಸುಮಾರು 50,000 ಪ್ರಿಂಟರುಗಳಲ್ಲಿ ಒಬ್ಬ ಯೂಟ್ಯೂಬರನ ಪ್ರಚಾರದ ಹಾಳೆ ಮುದ್ರಿಸಿದೆ ಎಂದು ಹೇಳಿಕೊಂಡಿದ್ದ. ನಮ್ಮ ಪ್ರಿಂಟರ್ ಕೇಬಲಿನಲ್ಲಿ ರೂಟರಿಗೆ ಸೇರಿದೆ. ಬಂದವರು ಮೊಬೈಲಿಗೆ ಬಳಸುವ ವೈಫೈ ಬೇರೆ, ಅದರಿಂದ ಪ್ರಿಂಟರ್ ಕಾಣಿಸುವುದಿಲ್ಲ.

ಇದರ ದೊಡ್ಡ ಕೊರತೆ ಟೋನರಿನದು. ನಮ್ಮೂರಲ್ಲಿ ಕಾರ್ಟ್ರಿಡ್ಜ್ ರೀಫಿಲ್ ಮಾಡಿಸುವುದೇ ವಾಡಿಕೆ, ಹೊಸದರ ಬೆಲೆಯ ಮುಂದೆ ಅದು ಏನೂ ಅಲ್ಲ. ಆದರೆ ಫರ್ಮ್‌ವೇರ್ ಹೊಸದಾದ ಮೇಲೆ ಕೆಲವು ಯಂತ್ರಗಳು ಬೇರೆಯವರ ಚಿಪ್ ಇರುವ ಕಾರ್ಟ್ರಿಡ್ಜನ್ನು ತಿರಸ್ಕರಿಸುತ್ತವೆ. ಅದಕ್ಕೆ ಹೆದರಿ ರೀಫಿಲ್ ಅಂಗಡಿಯವರೇ ‘ಅಪ್‌ಡೇಟ್ ನಿಲ್ಲಿಸಿಬಿಡಿ’ ಎಂದು ಸಲಹೆ ಕೊಡುತ್ತಾರೆ. ಜನ ನಿಲ್ಲಿಸುತ್ತಾರೆ, ದೋಷ ಹಾಗೇ ಉಳಿಯುತ್ತದೆ. ಕಂಪನಿಗಳು ತಮ್ಮ ಟೋನರ್ ವ್ಯಾಪಾರವನ್ನು ಭದ್ರತೆಯ ಅಪ್‌ಡೇಟಿಗೆ ಗಂಟು ಹಾಕಿದ್ದರಿಂದ ಆದ ಅನಾಹುತವಿದು, ರೀಫಿಲ್ ಮಾಡಿಸುವವರನ್ನು ಬೈದು ಪ್ರಯೋಜನವಿಲ್ಲ. ನಾನು ಅಪ್‌ಡೇಟ್ ಬಿಡಲಾರೆ, ಹಾಗಾಗಿ ಅಸಲಿ ಟೋನರನ್ನೇ ಕೊಳ್ಳುತ್ತೇನೆ. ಬಾಡಿಗೆ ಉಳಿದ ಹಣದಲ್ಲಿ ಅದು ಸರಿದೂಗುತ್ತದೆ.

ಆಷಾಢದಲ್ಲಿ ಕಾಗದ ಥಂಡಿ ಹಿಡಿದು ಸಿಕ್ಕಿಹಾಕಿಕೊಳ್ಳುವುದು ಮೂರೂ ಯಂತ್ರಗಳಲ್ಲಿ ಒಂದೇ. ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ: ಹಾಳೆ ಸಿಕ್ಕಿಕೊಂಡಿತೆಂದು ಕಳುಹಿಸಿದವರು ಎದ್ದುಹೋದರೆ, ಮಧ್ಯಾಹ್ನ ಇನ್ಯಾರೋ ಅದನ್ನು ಎಳೆದು ತೆಗೆದ ಕೂಡಲೇ ಉಳಿದ ಪುಟಗಳು ತಾವಾಗಿ ಹೊರಬರುತ್ತವೆ. ಹಾಳೆ ಸಿಕ್ಕಿಕೊಂಡರೆ ಕಳುಹಿಸಿದವರೇ ಕೆಲಸ ರದ್ದು ಮಾಡಿ ಏಳಬೇಕೆಂದು ನಮ್ಮಲ್ಲಿ ನಿಯಮ. ಹರಿದ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆಯುವ ಚಟವನ್ನೂ ಬಿಡಿಸಿದೆ. ಯಾರದೋ ಆಧಾರ್ ಪ್ರತಿಯ ಬೆನ್ನಿನ ಮೇಲೆ ದಿನಸಿ ಪಟ್ಟಿ ಬರೆದು ಅಂಗಡಿಗೆ ಕಳುಹಿಸುವವರು ನಮ್ಮಲ್ಲೂ ಇದ್ದರು. ಈಗ ಕಾಗದ ಸೀಳುವ ಯಂತ್ರವಿದೆ.

ಪುಟ್ಟ ಪ್ರಿಂಟರ್ ಹೊರಹೋಗುವಾಗಲೂ ರೀಸೆಟ್ ಬೇಕು, ಏಕೆಂದರೆ ವೈಫೈ ಪಾಸ್‌ವರ್ಡ್ ಹಾಕಿದ್ದರೆ ಅದು ಚಿಪ್ಪಿನಲ್ಲಿ ಉಳಿದಿರುತ್ತದೆ. ನಮ್ಮದು ಕೇಬಲಿನಲ್ಲಿರುವುದರಿಂದ ಅದೂ ಇಲ್ಲ. ಆಮೇಲೆ ಇ-ತ್ಯಾಜ್ಯಕ್ಕೆ, ಬೀದಿಯ ಗುಜರಿಯವನಿಗಲ್ಲ.

ದಿನಕ್ಕೆ ನೂರಾರು ಪುಟ ತೆಗೆಯುವ, ಎ3 ತಖ್ತೆ ಬೇಕೇ ಬೇಕೆನ್ನುವ ಕಚೇರಿಗೆ ನನ್ನ ಪ್ರಿಂಟರ್ ಸಾಲದು. ಅವರು ಬಾಡಿಗೆಗೇ ಹೋಗಲಿ. ಸಹಿ ಹಾಕುವ ಮೊದಲು ಮೆನುವಿನಲ್ಲಿ ಅಳಿಸುವ ಆಯ್ಕೆ ಕೆಲಸ ಮಾಡುತ್ತದೆಯೇ ಎಂದು ಬೆರಳಿಟ್ಟು ನೋಡಲಿ, ಡಿಸ್ಕಿಗೆ ಗೂಢಲಿಪಿ ಮೊದಲ ದಿನದಿಂದಲೇ ಚಾಲೂ ಇರಲಿ. ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಲಿ: ‘ಅವಧಿ ಮುಗಿದಾಗ ಡಿಸ್ಕನ್ನು ಗಿರಾಕಿಯ ಎದುರಿನಲ್ಲೇ ಅಳಿಸಿ ಲಿಖಿತ ಪತ್ರ ಕೊಡಬೇಕು, ಇಲ್ಲವೇ ನಿಗದಿತ ಬೆಲೆಗೆ ಡಿಸ್ಕನ್ನು ಗಿರಾಕಿಗೇ ಬಿಟ್ಟುಕೊಡಬೇಕು.’ ಬೆಲೆಯನ್ನು ಅಂದೇ ಅಂಕಿಯಲ್ಲಿ ಬರೆಸಲಿ. ಗಾಡಿ ಬಂದು ನಿಂತ ಮೇಲೆ ಚೌಕಾಶಿ ನಡೆಯುವುದಿಲ್ಲ.