ಮುಖವೋ, ಗೆರೆಯೋ: ವಿಜ್ಞಾನ ಹೇಳುವ ಎರಡು ದಾರಿ

ವಿಜ್ಞಾನವನ್ನು ಜನರಿಗೆ ತಿಳಿಸುತ್ತಲೇ ತಮ್ಮ ಸೃಜನಶೀಲ ಕೆಲಸವನ್ನೂ ಉಳಿಸಿಕೊಳ್ಳಬಯಸುವವರು ಅಮೆರಿಕದ ಹ್ಯಾಂಕ್ ಗ್ರೀನ್ ಮತ್ತು ರ‍್ಯಾಂಡಲ್ ಮನ್ರೋ ಅವರನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 2007ರಿಂದ ಅಣ್ಣನೊಂದಿಗೆ ಯೂಟ್ಯೂಬ್‌ನಲ್ಲಿ ಕಾಣಿಸಿಕೊಳ್ಳುತ್ತಿರುವ ಗ್ರೀನ್, 2012ರಲ್ಲಿ ‘ಸೈಶೋ’ ಎಂಬ ವಿಜ್ಞಾನದ ಯೂಟ್ಯೂಬ್ ವಾಹಿನಿ ಆರಂಭಿಸಿ, 2018ರಲ್ಲಿ ಮೊದಲ ಕಾದಂಬರಿ ಪ್ರಕಟಿಸಿದರು. ಅದರ ವಸ್ತುವೂ, ಅಚ್ಚರಿಯೇನಿಲ್ಲ, ದಿಢೀರ್ ಖ್ಯಾತಿಯೇ. ಆದರೆ ಮುಖವೇ ಬಂಡವಾಳವಾದಾಗ ಖಾಸಗಿತನ ಕರಗುತ್ತದೆ: 2023ರಲ್ಲಿ ತಮಗೆ ಕ್ಯಾನ್ಸರ್ ಇರುವುದನ್ನೂ ಅವರು ವಿಡಿಯೊದಲ್ಲೇ ಹೇಳಿದರು, ಮರುವರ್ಷ ಅದನ್ನೇ ಹಾಸ್ಯ ಪ್ರದರ್ಶನವಾಗಿಸಿದರು. ಹಿಂದೆ ನಾಸಾದಲ್ಲಿ ರೋಬಾಟ್‌ಗಳ ಕೆಲಸ ಮಾಡುತ್ತಿದ್ದ ಮನ್ರೋ ಅವರಾದರೋ 2005ರಿಂದ ಕಡ್ಡಿಗೆರೆಯ ಮನುಷ್ಯರ ಹಿಂದೆ ನಿಂತು ತಮ್ಮ ಜಾಲತಾಣದಲ್ಲಿ ವಾರಕ್ಕೆ ಮೂರು ವ್ಯಂಗ್ಯಚಿತ್ರ ಬರೆಯುತ್ತಾರೆ. ಚಿತ್ರದ ಮೇಲೆ ಮೌಸ್ ಇಟ್ಟರಷ್ಟೇ ಕಾಣುವ ಚಟಾಕಿಯೊಂದು ಅದರಲ್ಲಿ ಅಡಗಿರುತ್ತದೆ. ಸಂಕೋಚದವರಿಗೆ, ಒಂದೇ ಕೆಲಸವನ್ನು ತಿದ್ದಿ ತೀಡುವವರಿಗೆ ಎರಡನೆಯದೇ ವಾಸಿ. ವೀಕ್ಷಕರ ಮಾತಿನಿಂದಲೇ ಹುರುಪು ಪಡೆಯುವವರಿಗೆ ಅದು ಒಂಟಿತನವೆನಿಸೀತು.